ತಗಡು ವಾಪಸ್ ಬಂದಿದೆ, ಮತ್ತೆ ಕಳೆದುಹೋಗಿದ್ದು ಏನು?

ಕೇರಳದ ಶಬರಿಮಲೆ ದೇವಸ್ಥಾನದ ಚಿನ್ನ ಕಳುವಾಗಿದೆ ಎಂಬ ಪ್ರಕರಣದ ಸುದ್ದಿ ಓದಿದ ಬಹಳ ಜನರಿಗೆ ಒಂದು ಗೊಂದಲ ಹಾಗೇ ಉಳಿದಿದೆ. ಗರ್ಭಗುಡಿ ಮುಂದಿನ ದ್ವಾರಪಾಲಕರಿಗೆ ಹೊದಿಸಿದ್ದ ತಗಡುಗಳನ್ನು 2019ರಲ್ಲಿ ಬಿಚ್ಚಿದರು. ಚಿನ್ನದ ಲೇಪ ಹಾಕಿಸಲು ಚೆನ್ನೈಗೆ ಕಳಿಸಿದರು. ಲೇಪ ಆಯಿತು, ವಾಪಸ್ ಬಂತು, ಇದ್ದ ಜಾಗದಲ್ಲೇ ಕೂರಿಸಿದ್ದೂ ಆಯಿತು. ಆಮೇಲೆ ವರ್ಷಗಟ್ಟಲೆ ಭಕ್ತರು ಅದರ ಮುಂದೆಯೇ ಹಾದುಹೋದರು. ಹಾಗಿದ್ದ ಮೇಲೆ ಕಳುವಾಗಿದ್ದು ಏನು?

ಗೊಂದಲ ಸಹಜ. ಕಳುವು ಅಂದರೆ ಇದ್ದ ಜಾಗ ಖಾಲಿಯಾಗುವುದು ಎಂದೇ ನಮ್ಮ ಲೆಕ್ಕ. ಬೀರು ತೆಗೆದಾಗ ಸರ ಇಲ್ಲ, ಗುಡಿ ಬಾಗಿಲು ತೆಗೆದಾಗ ಮೂರ್ತಿ ಇಲ್ಲ. ಇಲ್ಲಿ ಜಾಗ ಖಾಲಿ ಇಲ್ಲ, ವಸ್ತು ಕಣ್ಣೆದುರಿಗೇ ಇದೆ. ಅದು ಮೊದಲು ಹೇಗಿತ್ತು ಎಂದು ಹೇಳುವ ನಂಬಬಹುದಾದ ಕಾಗದ ಮಾತ್ರ ಇಲ್ಲ. ವಸ್ತು 'ಇದೆ' ಎಂದು ಬರೆಯುವುದು ಒಂದು ಕೆಲಸ, 'ಹೇಗಿದೆ' ಎಂದು ಬರೆಯುವುದು ಇನ್ನೊಂದು ಕೆಲಸ. ಮ್ಯೂಸಿಯಂನವರು ಈ ಎರಡನೆಯದಕ್ಕೆ ಕಂಡಿಷನ್ ರಿಪೋರ್ಟ್ ಎನ್ನುತ್ತಾರೆ. ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಶಬರಿಮಲೆಯ ಕಡತವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ತಾಮ್ರ ಎಂಬ ಒಂದು ಪದ

ಶಬರಿಮಲೆ ಗರ್ಭಗುಡಿಗೆ ಚಿನ್ನದ ಹೊದಿಕೆ ಬಂದಿದ್ದು 1998-99ರ ಸುಮಾರಿಗೆ. ಅದಕ್ಕೆ 30 ಕೆಜಿಗೂ ಹೆಚ್ಚು ಚಿನ್ನ ಮತ್ತು 1,900 ಕೆಜಿ ತಾಮ್ರ ಕೊಟ್ಟವರು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ. ತಾಮ್ರದ ತಗಡಿನ ಮೇಲೆ ಚಿನ್ನದ ತೆಳು ಹಾಳೆ ಹೊದಿಸುವ ಕೆಲಸ ಅದು. ಎಲೆಕ್ಟ್ರೋಪ್ಲೇಟಿಂಗ್ ಬೇರೆಯೇ ವಿಧಾನ. ಅದರಲ್ಲಿ ಕೂರುವ ಚಿನ್ನದ ಪದರ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳು. ಹೊರಗೆ ನಿಂತು ನೋಡಿದರೆ ಎರಡೂ ಒಂದೇ ಥರ ಹೊಳೆಯುತ್ತವೆ. ಒಳಗಿರುವ ಚಿನ್ನದ ಪ್ರಮಾಣದಲ್ಲಿ ಅಜಗಜಾಂತರ.

2019ರಲ್ಲಿ ತಗಡು ಬಿಚ್ಚಿದಾಗ ಬರೆದ ಮಹಜರಿನಲ್ಲಿ ಅವು ತಾಮ್ರದ ತಗಡುಗಳು ಎಂದು ನಮೂದಾಗಿತ್ತು. ಚಿನ್ನದ ಪ್ರಸ್ತಾಪವೇ ಇರಲಿಲ್ಲ. ಕೇರಳ ಹೈಕೋರ್ಟ್ ಮುಂದೆ ಬಂದ ದಾಖಲೆಗಳ ಪ್ರಕಾರ ಬಿಚ್ಚಿದಾಗ ತೂಕ 42.8 ಕೆಜಿ. ಒಂದು ತಿಂಗಳಿಗೂ ಹೆಚ್ಚು ದಿನ ಕಳೆದು ಚೆನ್ನೈನಲ್ಲಿ ತೂಗಿದಾಗ 38.258 ಕೆಜಿ. ನಡುವೆ ನಾಲ್ಕೂವರೆ ಕೆಜಿ ಎಲ್ಲಿ ಹೋಯಿತು ಎಂದು ಆಗ ಯಾರೂ ಕೇಳಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೋರ್ಟಿಗೆ ಮೊದಲೇ ತಿಳಿಸದೆ ತಗಡುಗಳನ್ನು ಮತ್ತೆ ಬಿಚ್ಚಿ ಕಳಿಸಿದ ವಿಷಯ ಹೈಕೋರ್ಟ್ ಮುಂದೆ ಬಂತು. ಆಗ ಹಳೆಯ ಕಡತ ತೆಗೆಸಿದಾಗಲೇ ಇದೆಲ್ಲ ಹೊರಬಿದ್ದದ್ದು. ವಿಶೇಷ ತನಿಖಾ ತಂಡ ರಚನೆಯಾಯಿತು, ಬಂಧನಗಳೂ ಆದವು.

ಹಾಗೆ ಬರೆದವರು ಯಾರು, ಯಾಕೆ ಬರೆದರು ಎನ್ನುವುದು ತನಿಖೆಗೆ, ವಿಚಾರಣೆಗೆ ಬಿಟ್ಟ ವಿಷಯ. ಆ ಒಂದು ಪದ ಮಾಡುವ ಕೆಲಸವನ್ನು ಮಾತ್ರ ನಾವು ನೋಡೋಣ. ಕಾಗದದಲ್ಲಿ ತಾಮ್ರ ಎಂದು ಬಿದ್ದ ಕ್ಷಣದಿಂದ, ವಾಪಸ್ ಬರಬೇಕಾದದ್ದೂ ತಾಮ್ರವೇ. ಮುಂದೆ ತಪಾಸಣೆ ಮಾಡುವವರು ವಸ್ತುವನ್ನು ಕಾಗದದ ಜೊತೆ ಹೋಲಿಸುತ್ತಾರೆ. ಕಾಗದ ತಾಮ್ರ ಎನ್ನುತ್ತದೆ, ಕೈಯಲ್ಲಿ ಲೇಪ ಹಾಕಿದ ತಾಮ್ರ ಇದೆ, ತಗಡೂ ಬಂದಿದೆ. ಟಿಕ್ ಹಾಕಿ ಸಹಿ ಮಾಡಿದರೆ ಮುಗಿಯಿತು. ಆಮೇಲೆ ಎಷ್ಟು ಪ್ರಾಮಾಣಿಕ ಅಧಿಕಾರಿ ಬಂದರೂ ಆ ಕಾಗದ ಇಟ್ಟುಕೊಂಡು ತಪ್ಪು ಹಿಡಿಯಲು ಆಗುವುದಿಲ್ಲ.

ಇನ್ನೂ ಮುಂದಿನ ಪ್ರಶ್ನೆ: ವಾಪಸ್ ಬಂದದ್ದು ಹೋದ ತಗಡೇ ಹೌದಾ? ಈ ಅನುಮಾನವೂ ಕೋರ್ಟಿನಲ್ಲಿ ಬಂತು. ತಗಡಿನ ಮಾದರಿ ತೆಗೆದು ವೈಜ್ಞಾನಿಕ ಪರೀಕ್ಷೆಗೆ ಕಳಿಸಬೇಕಾಯಿತು. ಪ್ರತಿ ತಗಡಿನ ಹಿಂದೆ ಮುಂದೆ ಒಂದೊಂದು ಸ್ಪಷ್ಟ ಫೋಟೊ, ಬಿಡಿಬಿಡಿಯಾಗಿ ತೂಕ, ಎಲ್ಲಿ ಬೆಸುಗೆ ಇದೆ, ಎಲ್ಲಿ ಡೊಂಕಾಗಿದೆ ಎಂಬ ಟಿಪ್ಪಣಿ ಇದ್ದಿದ್ದರೆ ಈ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತಿತ್ತು.

ಗೋಲ್ಡ್ ಲೋನ್ ಚೀಟಿ ನೋಡಿದ್ದೀರಾ?

ಇದೇನೂ ರಾಕೆಟ್ ವಿಜ್ಞಾನ ಅಲ್ಲ. ಬ್ಯಾಂಕಿನಲ್ಲಿ ಒಡವೆ ಅಡವಿಟ್ಟವರಿಗೆಲ್ಲ ಗೊತ್ತಿರುವ ವಿಷಯ. ಅಪ್ರೈಸರ್ 'ನೆಕ್ಲೇಸ್ 1' ಎಂದು ಬರೆದು ಸುಮ್ಮನಾಗುವುದಿಲ್ಲ. ಒಟ್ಟು ತೂಕ, ಕಲ್ಲಿನ ತೂಕ ಕಳೆದು ನಿವ್ವಳ ತೂಕ, ಎಷ್ಟು ಕ್ಯಾರೆಟ್, ಕೊಂಡಿ ಮುರಿದಿದ್ದರೆ ಕೊಂಡಿ ಮುರಿದಿದೆ, ಒಂದು ಕಲ್ಲು ಉದುರಿದ್ದರೆ ಅದೂ ಚೀಟಿಗೆ ಬರುತ್ತದೆ. ಯಾಕೆಂದರೆ ಬಿಡಿಸಿಕೊಳ್ಳುವ ದಿನ ನೀವು 'ಕಲ್ಲು ಇತ್ತಲ್ವಾ' ಎಂದು ಕೇಳಬಹುದು. ಆಗ ಚೀಟಿ ನಿಮ್ಮನ್ನೂ ಕಾಯುತ್ತದೆ, ಬ್ಯಾಂಕಿನವರನ್ನೂ ಕಾಯುತ್ತದೆ.

ಎರಡೆಳೆ ಸರಕ್ಕೆ ಇಷ್ಟು ಮಾಡುವ ನಾವು ಸಾವಿರ ವರ್ಷದ ಕಂಚಿನ ಮೂರ್ತಿಗೆ 'ಲೋಹದ ವಿಗ್ರಹ, 1, ಸುಸ್ಥಿತಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. 'ಸುಸ್ಥಿತಿ' ಎಂಬ ಪದದಷ್ಟು ನಿರುಪಯೋಗಿ ಪದ ಸ್ಟಾಕ್ ರಿಜಿಸ್ಟರಿನಲ್ಲಿ ಇನ್ನೊಂದಿಲ್ಲ ಎನ್ನಿಸುತ್ತದೆ.

ಲಂಡನ್ನಿನಲ್ಲೂ ಇದೇ ಕಥೆ

ಇದು ನಮ್ಮ ದೇಶದ, ನಮ್ಮ ದೇವಸ್ಥಾನಗಳ ರೋಗ ಮಾತ್ರ ಎಂದುಕೊಂಡರೆ ತಪ್ಪು. 2023ರ ಆಗಸ್ಟ್‌ನಲ್ಲಿ ಬ್ರಿಟಿಷ್ ಮ್ಯೂಸಿಯಂ ಒಂದು ಪ್ರಕಟಣೆ ಹೊರಡಿಸಿತು. ಸ್ಟೋರ್ ರೂಮಿನಲ್ಲಿದ್ದ ಚಿನ್ನದ ಒಡವೆ, ಕೆತ್ತನೆಯ ಹರಳು, ಗಾಜಿನ ಚೂರುಗಳು ಕಾಣೆಯಾಗಿವೆ, ಕಳುವಾಗಿವೆ ಅಥವಾ ಹಾಳಾಗಿವೆ ಎಂದು ಅದರಲ್ಲಿತ್ತು. ಒಬ್ಬ ಸಿಬ್ಬಂದಿಯನ್ನು ಕೆಲಸದಿಂದ ತೆಗೆದಿದ್ದರು. ಎಷ್ಟು ವಸ್ತು ಎಂದು ಕೇಳಿದರೆ ಮೊದಲು ಉತ್ತರವೇ ಇರಲಿಲ್ಲ. ಆಮೇಲೆ 'ಸುಮಾರು 2,000' ಎಂದರು. ನಿರ್ದೇಶಕ ಹಾರ್ಟ್‌ವಿಗ್ ಫಿಷರ್ ರಾಜೀನಾಮೆ ಕೊಟ್ಟರು.

ಓದಿದವರು ತಲೆ ಕೆರೆದುಕೊಂಡರು. 80 ಲಕ್ಷ ವಸ್ತು ಇಟ್ಟುಕೊಂಡಿರುವ, ಜಗತ್ತಿಗೇ ಪಾಠ ಹೇಳುವ ಮ್ಯೂಸಿಯಂಗೆ ತನ್ನ ಮನೆಯಲ್ಲಿ ಏನು ಹೋಗಿದೆ ಎಂಬುದೇ ಗೊತ್ತಿಲ್ಲವಾ? ಗೊತ್ತಿರಲಿಲ್ಲ. ಆ ಸಣ್ಣ ಹರಳುಗಳಲ್ಲಿ ಬಹಳಷ್ಟಕ್ಕೆ ಬಿಡಿ ನಂಬರ್ ಇರಲಿಲ್ಲ, ಫೋಟೊ ಇರಲಿಲ್ಲ, ತೂಕ ಬರೆದಿರಲಿಲ್ಲ. ಇಟ್ಟಾಯ್ ಗ್ರಾಡೆಲ್ ಎಂಬ ಡೆನ್ಮಾರ್ಕಿನ ಪುರಾತನ ವಸ್ತು ವ್ಯಾಪಾರಿ 2021ರಲ್ಲೇ ಎಚ್ಚರಿಸಿದ್ದರು. ಅವರಿಗೆ ಸುಳಿವು ಸಿಕ್ಕಿದ್ದು ಹೇಗೆ ಗೊತ್ತಾ? ಮ್ಯೂಸಿಯಂ ತಾನೇ ಹಿಂದೆ ಚಿತ್ರಸಮೇತ ದಾಖಲಿಸಿದ್ದ ಒಂದೆರಡು ಹರಳು ಇಬೇಯಲ್ಲಿ ಮಾರಾಟಕ್ಕೆ ಬಂದದ್ದರಿಂದ. ದಾಖಲೆ ಇದ್ದವು ಸಿಕ್ಕಿಬಿದ್ದವು. ದಾಖಲೆ ಇಲ್ಲದವು ಸದ್ದಿಲ್ಲದೆ ಹೋದವು.

ಆ ವರ್ಷದ ಡಿಸೆಂಬರ್‌ನಲ್ಲಿ ಬಂದ ಪರಿಶೀಲನಾ ವರದಿಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸೇರುವ ಲೆಕ್ಕ ಇದೆ. ಸುಮಾರು 1,500 ವಸ್ತು ಕಾಣೆಯಾಗಿದ್ದವು ಅಥವಾ ಕಳುವಾಗಿದ್ದವು. ಸುಮಾರು 350 ವಸ್ತುಗಳಿಂದ ಒಂದು ಭಾಗವನ್ನು ಮಾತ್ರ ತೆಗೆಯಲಾಗಿತ್ತು. ಹರಳು ಕಟ್ಟಿದ್ದ ಚಿನ್ನದ ಕಟ್ಟು ಹೋಗಿ ಹರಳು ಮಾತ್ರ ಉಳಿದದ್ದು ಈ ಥರದ್ದು. ಇನ್ನು ಸುಮಾರು 140 ವಸ್ತುಗಳ ಮೇಲೆ ಉಪಕರಣದಿಂದ ಕೆರೆದ, ಮೀಟಿದ ಗುರುತು ಇದ್ದವು. 

ಈ 350 ಮತ್ತು 140 ಅನ್ನು ನಿಧಾನವಾಗಿ ಯೋಚಿಸಿ. ಬರೀ ಎಣಿಕೆ ಮಾಡುವ ತಪಾಸಣೆಯಲ್ಲಿ ಇವು ಪಾಸಾಗಿಬಿಡುತ್ತವೆ. ಡ್ರಾಯರ್ ಎಳೆದರೆ ಹರಳು ಅಲ್ಲೇ ಇದೆ. ಹತ್ತು ಇರಬೇಕು, ಹತ್ತು ಇವೆ. ಅಂಚಿನಲ್ಲಿ ಹೊಸದಾಗಿ ಮೀಟಿದ ಗೀರು ಬಿದ್ದಿದೆ ಎಂದು ಹೇಳಬೇಕಾದರೆ, ಮೊದಲು ಆ ಅಂಚು ನುಣುಪಾಗಿತ್ತು ಎಂದು ಎಲ್ಲೋ ಬರೆದಿರಬೇಕು.

ಕಳುವಾದ ಮೇಲೆ ಮ್ಯೂಸಿಯಂ ಐದು ವರ್ಷದ ಯೋಜನೆ ಹಾಕಿಕೊಂಡಿತು. 24 ಲಕ್ಷ ದಾಖಲೆಗಳನ್ನು ಹೊಸದಾಗಿ ಹಾಕಬೇಕು ಅಥವಾ ಸುಧಾರಿಸಬೇಕು. ಅಂದಾಜು ವೆಚ್ಚ 1 ಕೋಟಿ ಪೌಂಡ್. 2024ರ ಮೇ ಹೊತ್ತಿಗೆ 626 ವಸ್ತು ವಾಪಸ್ ಸಿಕ್ಕಿದ್ದವು. ಈ ಮಧ್ಯೆ ಗ್ರೀಸ್, ನೈಜೀರಿಯಾ, ಚೀನಾದಿಂದ ಒಂದೇ ಮಾತು ಕೇಳಿಬಂತು: ನಮ್ಮ ವಸ್ತು ನಿಮ್ಮ ಹತ್ತಿರವೇ ಸುರಕ್ಷಿತ ಅಂತಿದ್ರಲ್ಲ, ಇದೇನಾ ಸುರಕ್ಷತೆ? ದಾಖಲೆಯ ಕೊರತೆ ಹೀಗೆ ರಾಜತಾಂತ್ರಿಕ ತಲೆನೋವೂ ಆಗಿ ಬೆಳೆಯಿತು.

ಒಂದು ಮೂರ್ತಿ, ಒಂದು ಟಾರ್ಚ್, ಅರ್ಧ ಗಂಟೆ

ಕಂಡಿಷನ್ ರಿಪೋರ್ಟ್ ಮಾಡುವುದು ನೋಡಲು ಅಷ್ಟೇನೂ ರೋಚಕವಲ್ಲ. ಒಂದು ಅಡಿ ಎತ್ತರದ ಕಂಚಿನ ಮೂರ್ತಿ ಇದೆ ಎಂದುಕೊಳ್ಳಿ. ಮೆತ್ತನೆ ಹಾಸಿನ ಮೇಜಿನ ಮೇಲೆ ಇಡುತ್ತಾರೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳುತ್ತಾರೆ, ಬರಿಗೈಯ ಬೆವರಿನಲ್ಲಿ ಉಪ್ಪು ಇರುತ್ತದಲ್ಲ. ಎತ್ತುವಾಗ ಕೈ, ಪ್ರಭಾವಳಿ ಹಿಡಿಯುವ ಹಾಗಿಲ್ಲ. ಪೀಠ ಮತ್ತು ಬೆನ್ನು ಹಿಡಿಯಬೇಕು. ಮೊದಲು ತೂಕ, ಎತ್ತರ, ಅಗಲ, ಆಳ. ಆಮೇಲೆ ನಾಲ್ಕೂ ಬದಿಯಿಂದ, ಮೇಲಿನಿಂದ, ತಳದಿಂದ ಫೋಟೊ. ಪಕ್ಕದಲ್ಲಿ ಅಳತೆ ಪಟ್ಟಿ ಮತ್ತು ಬಣ್ಣದ ಕಾರ್ಡ್ ಇರಲೇಬೇಕು. ಇಲ್ಲದಿದ್ದರೆ ಐದು ವರ್ಷದ ನಂತರ ಬಣ್ಣ ಬದಲಾಗಿದ್ದು ಮೂರ್ತಿಯದ್ದೋ ಕ್ಯಾಮೆರಾದ್ದೋ ಹೇಳಲು ಆಗುವುದಿಲ್ಲ.

ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಹಾಯಿಸುತ್ತಾರೆ. ನೇರ ಬೆಳಕಿನಲ್ಲಿ ನುಣುಪಾಗಿ ಕಂಡ ಎದೆಯ ಮೇಲೆ ಓರೆ ಬೆಳಕಿನಲ್ಲಿ ಗೀರು, ತಗ್ಗು, ಹಳೆಯ ದುರಸ್ತಿಯ ಅಂಚು ಎದ್ದು ಕಾಣುತ್ತವೆ. ಕಂಡದ್ದನ್ನು ಬರೆಯುವುದಕ್ಕೂ ಒಂದು ಶಿಸ್ತು ಇದೆ. 'ಕೈ ಹಾಳಾಗಿದೆ' ಎಂದರೆ ಸಾಲದು. 'ಮೂರ್ತಿಯ ಎಡಗೈ ಮಣಿಕಟ್ಟಿನ ಒಳಬದಿ, 12 ಮಿಮೀ ಉದ್ದದ ಕೂದಲೆಳೆ ಬಿರುಕು, ಹಳೆಯದು, ಒಳಗೆ ಕೊಳೆ ತುಂಬಿದೆ' ಎನ್ನಬೇಕು. ಮೂರ್ತಿಯ ಎಡವೋ ನೋಡುವವರ ಎಡವೋ ಎಂಬುದನ್ನೂ ಬಿಡುವ ಹಾಗಿಲ್ಲ. ಒಳಗೆ ಕೊಳೆ ಇದ್ದರೆ ಬಿರುಕು ಹಳೆಯದು. ಲೋಹ ಹೊಳೆಯುತ್ತಿದ್ದರೆ ಹೊಸದು. ಇಂಥ ಒಂದು ಮಾತು ಮುಂದೆ ಕೋರ್ಟಿನಲ್ಲಿ ಸಾಕ್ಷಿಯ ಕೆಲಸ ಮಾಡಬಹುದು.

ಕಂಚಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹಸಿರು ಬಣ್ಣ ಕಂಡರೆಲ್ಲ ಹೆದರಬೇಕಿಲ್ಲ. ನುಣುಪಾಗಿ, ಗಟ್ಟಿಯಾಗಿ ಕೂತ ಹಸಿರು ಕಾಲ ಕೊಟ್ಟ ಬಣ್ಣ, ಅದು ಒಳಗಿನ ಲೋಹವನ್ನು ಕಾಯುತ್ತದೆ. ತೆಳು ಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಉದುರುತ್ತಿದ್ದರೆ ಮಾತ್ರ ಅಪಾಯ. ಅದಕ್ಕೆ ಕಂಚಿನ ರೋಗ ಎನ್ನುತ್ತಾರೆ. ಲೋಹದೊಳಗೆ ಸೇರಿದ ಕ್ಲೋರೈಡ್ ಉಪ್ಪು, ಗಾಳಿಯ ತೇವದ ಜೊತೆ ಸೇರಿ ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ. ಗಾಳಿಯ ತೇವ ಶೇ 40-45 ದಾಟಿದರೆ ಇದು ಶುರುವಾಗಬಹುದು. ಮಳೆಗಾಲದ ಮಂಗಳೂರಿನಲ್ಲಿ ತೇವ ಶೇ 80ರ ಮೇಲೇ ಇರುತ್ತದೆ. ಹಾಗಾಗಿ ಒಂದೇ ಸಲ ನೋಡಿ ಬರೆದರೆ ಮುಗಿಯುವುದಿಲ್ಲ. ಜೂನ್‌ನಲ್ಲಿ ಮೂರು ಚುಕ್ಕೆ ಇದ್ದವು, ಸೆಪ್ಟೆಂಬರ್‌ನಲ್ಲಿ ಒಂಬತ್ತು ಆಗಿವೆ ಎಂದು ಗೊತ್ತಾದರೆ ತಾನೇ ಚಿಕಿತ್ಸೆ ಯಾವಾಗ ಬೇಕು ಎಂದು ತಿಳಿಯುವುದು?

ಬೇರೆ ವಸ್ತುಗಳಿಗೆ ಬೇರೆ ಕಣ್ಣು ಬೇಕು. ಮೈಸೂರು ಚಿತ್ರದಲ್ಲಿ ಚಿನ್ನದ ರೇಕು ಅಂಟಿಸಿದ ಉಬ್ಬು ಕೆಲಸ ಎಲ್ಲಿ ಎದ್ದಿದೆ ಎಂದು ನೋಡುತ್ತಾರೆ. ಓಲೆಗರಿಯಲ್ಲಿ ಹುಳದ ತೂತು, ದಾರ ಪೋಣಿಸುವ ತೂತಿನ ಸುತ್ತ ಸೀಳು, ಅಂಚು ಪುಡಿಯಾಗಿದ್ದು ನೋಡುತ್ತಾರೆ. ಕಲ್ಲಿನ ಶಾಸನದಲ್ಲಿ ಅಕ್ಷರ ಎಷ್ಟು ಸವೆದಿದೆ ಎಂಬುದೇ ಮುಖ್ಯ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಓದಲು ಅನುಕೂಲ ಎಂಬುದು ಅದರ ಮೊದಲ ಲಾಭ. ಹತ್ತು ವರ್ಷ ಬಿಟ್ಟು ಅದೇ ಕಲ್ಲನ್ನು ಮತ್ತೆ ಸ್ಕ್ಯಾನ್ ಮಾಡಿದರೆ ಎಷ್ಟು ಸವೆತವಾಗಿದೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ತಿಳಿಯುತ್ತದೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅದು ಕಂಡಿಷನ್ ರಿಪೋರ್ಟೇ.

ಗಾಯವೇ ಗುರುತು

ಸ್ಥಿತಿ ದಾಖಲೆಯಿಂದ ಗೆದ್ದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂತನ್ ದೇವಸ್ಥಾನದಿಂದ ಚೋಳರ ಕಾಲದ ನಟರಾಜ ಕಳುವಾಗಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಸೇರಿತ್ತು. ಗ್ಯಾಲರಿ ಅದಕ್ಕೆ ಸುಮಾರು 50 ಲಕ್ಷ ಡಾಲರ್ ಕೊಟ್ಟಿತ್ತು. ಕಾಗದಪತ್ರವೆಲ್ಲ ಇತ್ತು, ಎಲ್ಲ ಸುಳ್ಳು.

ನಟರಾಜ ಮೂರ್ತಿಗಳು ಸಾಕಷ್ಟಿವೆ. 'ನಟರಾಜ, ಕಂಚು, ಚೋಳರ ಕಾಲ' ಎಂಬ ವಿವರ ಇಟ್ಟುಕೊಂಡು ಇದು ನಮ್ಮದೇ ಎಂದು ಸಾಬೀತು ಮಾಡಲು ಸಾಧ್ಯವೇ ಇಲ್ಲ. ಕೈ ಹಿಡಿದದ್ದು ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ 1994ರಲ್ಲಿ ಆ ದೇವಸ್ಥಾನದಲ್ಲೇ ತೆಗೆದಿಟ್ಟಿದ್ದ ಫೋಟೊಗಳು. ಎರಕ ಹೊಯ್ಯುವಾಗ ಆದ ಸಣ್ಣ ದೋಷ, ಸವೆತ, ಮುಕ್ಕಾದ ಜಾಗ, ಇವು ಯಾವ ಎರಡು ಮೂರ್ತಿಯಲ್ಲೂ ಒಂದೇ ಥರ ಇರುವುದಿಲ್ಲ. ಮನುಷ್ಯರಿಗೆ ಮಚ್ಚೆ ಇದ್ದ ಹಾಗೆ. 2014ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಟೋನಿ ಅಬಾಟ್ ದೆಹಲಿಗೆ ಬಂದು ಮೂರ್ತಿಯನ್ನು ಒಪ್ಪಿಸಿದರು. ಆ ಫೋಟೊ ತೆಗೆದವರ ಉದ್ದೇಶ ಕಲೆಯ ಅಧ್ಯಯನವಾಗಿತ್ತು. ಅದು ಕಳ್ಳನನ್ನು ಹಿಡಿಯಲೂ ಬಂತು.

ಆರೈಕೆಯೇ ಗಾಯ ಮಾಡಿದಾಗ

ವಸ್ತುವಿಗೆ ಆಗುವ ಹಾನಿಯೆಲ್ಲ ಕಳ್ಳರಿಂದಲೇ ಅಲ್ಲ. ಕಾಳಜಿಯಿಂದಲೂ ಆಗುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಗ್ರೀಸಿನ ಪುರಾತನ ದೇಗುಲ ಪಾರ್ಥೆನಾನ್‌ನ ಶಿಲ್ಪಗಳನ್ನು 1937-38ರಲ್ಲಿ ತೊಳೆಯುವ ಕೆಲಸ ನಡೆಯಿತು. ಹೊಸ ಗ್ಯಾಲರಿಗೆ ದುಡ್ಡು ಕೊಟ್ಟಿದ್ದ ಲಾರ್ಡ್ ಡುವೀನ್‌ಗೆ ಶಿಲ್ಪ ಬೆಳ್ಳಗೆ ಕಾಣಬೇಕಿತ್ತು. ಕೆಲಸಗಾರರು ತಾಮ್ರದ ಉಳಿ, ಕಾರ್ಬೊರಂಡಮ್ ಕಲ್ಲು ಹಿಡಿದು ಮೇಲ್ಮೈಯನ್ನೇ ಕೆರೆದರು. ಎಷ್ಟು ಕೆರೆದರು, ಹೋದದ್ದು ಕೊಳೆಯೋ ಮೂಲ ಮೇಲ್ಮೈಯೋ ಎಂಬ ಜಗಳ 1990ರ ದಶಕದ ಕೊನೆಯಲ್ಲೂ ನಡೆಯುತ್ತಲೇ ಇತ್ತು. ಅರವತ್ತು ವರ್ಷದ ನಂತರ!

ಹಾಗಾಗಿ ದಾಖಲೆಯಲ್ಲಿ ಆರೈಕೆಯ ಭಾಗವೂ ಬರಬೇಕು. ಯಾವ ದಿನ, ಯಾವ ದ್ರಾವಣದಿಂದ, ಎಷ್ಟು ಹೊತ್ತು, ಯಾವ ಭಾಗ ತೊಳೆದರು, ಏನು ಅಂಟು ಹಾಕಿದರು. ಆಸ್ಪತ್ರೆಯ ಕೇಸ್ ಶೀಟ್ ಥರ. ಹಿಂದಿನ ಡಾಕ್ಟರು ಯಾವ ಮಾತ್ರೆ ಕೊಟ್ಟರು ಎಂದು ಗೊತ್ತಿಲ್ಲದೆ ಇನ್ನೊಬ್ಬರು ಔಷಧಿ ಬರೆದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಮೊದಲು ಎಣಿಕೆಯೋ, ಸ್ಥಿತಿಯೋ

ಇಷ್ಟು ಉಪಯೋಗ ಇದ್ದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ಇಲ್ಲಿ ನಿಜವಾದ ಭಿನ್ನಾಭಿಪ್ರಾಯ ಇದೆ, ಮತ್ತು ಎರಡೂ ಕಡೆ ತೂಕ ಇದೆ.

ಒಂದು ವಾದ: ಮೊದಲು ಎಣಿಸಿ. ಏನಿದೆ ಎಂದೇ ಗೊತ್ತಿಲ್ಲದಾಗ ಬಿರುಕು ಅಳೆಯುತ್ತಾ ಕೂರುವುದು ಹುಚ್ಚುತನ. ಬ್ರಿಟನ್ನಿನ ಮ್ಯೂಸಿಯಂಗಳು ಪಾಲಿಸುವ ಸ್ಪೆಕ್ಟ್ರಮ್ ಎಂಬ ಮಾನದಂಡದಲ್ಲೂ ಇದೇ ಕ್ರಮ ಇದೆ. ಅದರಲ್ಲಿರುವ 21 ವಿಧಾನಗಳ ಪೈಕಿ 9 ಮಾತ್ರ ಪ್ರಾಥಮಿಕ. ಪಟ್ಟಿ ಮಾಡುವುದು, ಜಾಗ ಗುರುತಿಸುವುದು ಆ 9ರಲ್ಲಿ ಇವೆ. ಸ್ಥಿತಿ ಪರಿಶೀಲನೆ ಇಲ್ಲ.

ಲೆಕ್ಕ ಹಾಕಿದರೆ ಈ ವಾದದ ಬಲ ಕಾಣುತ್ತದೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಒಂದಕ್ಕೆ ಅರ್ಧ ಗಂಟೆ ಎಂದರೆ ಒಬ್ಬರು ದಿನಕ್ಕೆ 12 ಮುಗಿಸಬಹುದು. ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ ಒಬ್ಬರಿಗೆ 66 ವರ್ಷಕ್ಕೂ ಹೆಚ್ಚು ಬೇಕು. ಹತ್ತು ಜನ ಹಾಕಿದರೂ ಆರೂವರೆ ವರ್ಷ. ಅಷ್ಟರಲ್ಲಿ ಮೊದಲು ನೋಡಿದ ವಸ್ತುವನ್ನು ಮತ್ತೆ ನೋಡುವ ಕಾಲ ಬಂದಿರುತ್ತದೆ.

ಇನ್ನೊಂದು ವಾದ: ಸ್ಥಿತಿ ಇಲ್ಲದ ಎಣಿಕೆ ಸುಳ್ಳು ಧೈರ್ಯ ಕೊಡುತ್ತದೆ. ಲಂಡನ್ನಿನ ಆ 350 ವಸ್ತುಗಳೇ ಅದಕ್ಕೆ ಸಾಕ್ಷಿ. ಮೂರನೆಯ ಗುಂಪೂ ಇದೆ. ಎಲ್ಲ ವಿವರ ಆನ್‌ಲೈನ್ ಹಾಕಿದರೆ ಕಳ್ಳರಿಗೇ ಪಟ್ಟಿ ಕೊಟ್ಟಂತಾಗುತ್ತದೆ ಎಂಬುದು ಅವರ ಭಯ. ಈ ಭಯಕ್ಕೆ ಪರಿಹಾರ ಸುಲಭ: ಫೋಟೊ ಎಲ್ಲರಿಗೂ ಕಾಣಲಿ, ಇಟ್ಟ ಜಾಗ ಯಾರಿಗೂ ಕಾಣದಿರಲಿ.

ಮೊದಲೆರಡು ವಾದಗಳ ನಡುವೆ ದಾರಿ ಇದೆ ಎಂದೇ ನನ್ನ ಅನಿಸಿಕೆ. ಪ್ರತಿ ವಸ್ತುವಿಗೂ ಅರ್ಧ ಗಂಟೆ ಬೇಡ, ಐದು ನಿಮಿಷ ಕೊಡಿ. ತೂಕ, ನಾಲ್ಕು ಫೋಟೊ, ಗಟ್ಟಿ ಇದೆಯೋ ಉದುರುತ್ತಿದೆಯೋ ಎಂಬ ಒಂದು ದರ್ಜೆ, ಅಷ್ಟೇ. ದಿನಕ್ಕೆ ಆರು ಗಂಟೆ ಕೆಲಸ ಮಾಡುವ ಹತ್ತು ಜನ 2 ಲಕ್ಷ ವಸ್ತುಗಳನ್ನು 280 ದಿನದೊಳಗೆ ಮುಗಿಸಬಹುದು. ಉದುರುತ್ತಿರುವವು, ಹೊರಗೆ ಹೋಗುವವು, ಬಹಳ ಬೆಲೆಬಾಳುವವು ಯಾವುವು ಎಂದು ಆರಿಸಿ ಅವಕ್ಕೆ ಮಾತ್ರ ಟಾರ್ಚ್ ಹಿಡಿದು ಕೂತರಾಯಿತು. ಕೇಂದ್ರ ಸರ್ಕಾರದ ಮ್ಯೂಸಿಯಂಗಳಲ್ಲಿ ಸರ್ಕಾರದ್ದೇ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್ ರೂಪಿಸಿದ ಜತನ್ ಎಂಬ ಸಾಫ್ಟ್‌ವೇರ್ ಈಗಾಗಲೇ ಇದೆ. ತಂತ್ರಾಂಶದ ಕೊರತೆ ಇಲ್ಲ. ಮುಂದಿನಿಂದ ಒಂದು ಚೆಂದದ ಫೋಟೊ ಹಾಕಿ ಡಿಜಿಟಲೀಕರಣ ಮುಗಿಯಿತು ಎನ್ನುವ ಆತುರ ಮಾತ್ರ ಜಾಸ್ತಿ. ವಸ್ತುವಿನ ರೋಗ ಸಾಮಾನ್ಯವಾಗಿ ಹಿಂಬದಿಯಲ್ಲಿ, ತಳದಲ್ಲಿ ಇರುತ್ತದೆ.

ಬಿರುಕು ಬರೆದವರೇ ಸಿಕ್ಕಿಹಾಕಿಕೊಳ್ಳುತ್ತಾರೆ

ಜನ, ದುಡ್ಡು, ಸಮಯ ಕಮ್ಮಿ ಎಂಬುದು ಹೊರಗೆ ಹೇಳುವ ಕಾರಣ. ಒಳಗೆ ಇನ್ನೊಂದು ಕಾರಣ ಇದೆ, ಅದು ಚಾರ್ಜ್ ಎಂಬ ಪದ್ಧತಿ. ಸರ್ಕಾರಿ ಮ್ಯೂಸಿಯಂನಲ್ಲಿ ವಸ್ತುಗಳು ಒಬ್ಬ ಅಧಿಕಾರಿಯ ಚಾರ್ಜಿನಲ್ಲಿ ಇರುತ್ತವೆ. ವರ್ಗಾವಣೆ ಆದಾಗ ಮುಂದಿನವರಿಗೆ ಪಟ್ಟಿ ಓದಿ, ಸಹಿ ಹಾಕಿಸಿ ಹಸ್ತಾಂತರ ಮಾಡಬೇಕು. ಏನಾದರೂ ಹೆಚ್ಚುಕಮ್ಮಿ ಆದರೆ ಸಹಿ ಹಾಕಿದವರೇ ಹೊಣೆ.

ಈಗ ಹೊಸದಾಗಿ ಬಂದವರ ಜಾಗದಲ್ಲಿ ನಿಂತು ನೋಡಿ. ಮೂರ್ತಿಯ ಬೆರಳು ಮುರಿದಿರುವುದು ಕಾಣಿಸಿತು. ಬರೆದರೆ 'ನಿಮ್ಮ ಕಾಲದಲ್ಲಿ ಮುರಿದಿದ್ದಾ?' ಎಂಬ ನೋಟಿಸು ಬರಬಹುದು. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಹಳೆಯ ಪಟ್ಟಿಯ 'ಸುಸ್ಥಿತಿ' ಪದ ಹೊಸ ಪಟ್ಟಿಗೆ ಹಾಗೇ ಇಳಿಯುತ್ತದೆ. ಮುಂದಿನವರೂ ಅದನ್ನೇ ಇಳಿಸುತ್ತಾರೆ. ವ್ಯವಸ್ಥೆಯೇ ಸತ್ಯ ಬರೆದವರಿಗೆ ಶಿಕ್ಷೆ, ಸುಮ್ಮನಿದ್ದವರಿಗೆ ರಕ್ಷಣೆ ಕೊಡುವ ಹಾಗಿದ್ದರೆ ಒಳ್ಳೆಯ ಫಾರಂ ಅಚ್ಚು ಹಾಕಿಸಿದರೆ ಏನು ಬಂತು? ಮಹಾಲೇಖಪಾಲರ (ಸಿಎಜಿ) 2013ರ ವರದಿ ನಮ್ಮ ಪುರಾತನ ವಸ್ತುಗಳ ದಾಖಲೆ ಅರೆಬರೆ ಇದೆ, ನಿಯಮಿತ ತಪಾಸಣೆ ಇಲ್ಲ ಎಂದು ಬರೆದಿತ್ತು. ನಾನು ನೋಡುವಂತೆ ಅದರ ಬೇರು ಇಲ್ಲಿದೆ. ಒಂದು ಗಡುವು ಕೊಟ್ಟು, ಅದರೊಳಗೆ ದಾಖಲಿಸಿದ ಹಳೆಯ ಹಾನಿಗೆ ಯಾರನ್ನೂ ಹೊಣೆ ಮಾಡುವುದಿಲ್ಲ ಎಂದು ಆದೇಶ ಹೊರಡಿಸಿದರೆ ಎಷ್ಟೋ ಬಿರುಕುಗಳು ಕಾಗದಕ್ಕೆ ಬರುತ್ತವೆ. ಅದರಲ್ಲಿ ನಿಜವಾದ ಕಳ್ಳರೂ ನುಸುಳಿಕೊಳ್ಳಬಹುದು ಎಂಬ ಆಕ್ಷೇಪ ಇದ್ದೇ ಇದೆ. ಆದರೂ ಈಗಿನ ಮೌನಕ್ಕಿಂತ ಅದು ಮೇಲು.

ವಸ್ತು ಪ್ರಯಾಣ ಮಾಡುವಾಗ ಈ ಮೌನ ಬಹಳ ದುಬಾರಿ. ಪಟ್ನಾದ ದೀದಾರ್‌ಗಂಜ್ ಯಕ್ಷಿ ಎಂಬ ಪುರಾತನ ಕಲ್ಲಿನ ಮೂರ್ತಿ 1917ರಲ್ಲಿ ಗಂಗೆಯ ದಡದಲ್ಲಿ ಸಿಕ್ಕಾಗಲೇ ಎಡಗೈ ಇರಲಿಲ್ಲ. 1980ರ ದಶಕದ ಭಾರತ ಉತ್ಸವಕ್ಕೆ ವಿದೇಶಕ್ಕೆ ಹೋಗಿ ಬಂದ ಮೇಲೆ ಕೆನ್ನೆಯ ಮೇಲೆ ಸಣ್ಣ ಚಕ್ಕೆ ಎದ್ದದ್ದು ದೊಡ್ಡ ವಿವಾದವಾಯಿತು. ಎಡಗೈ ಬಗ್ಗೆ ಯಾರೂ ಜಗಳ ಆಡಲಿಲ್ಲ, ಕೆನ್ನೆಯ ಚಕ್ಕೆ ಬಗ್ಗೆ ಆಡಿದರು. ಮೊದಲಿನ ಸ್ಥಿತಿ ಗೊತ್ತಿದ್ದರೆ ತಾನೇ ಹೊಸ ಗಾಯ ಗಾಯವಾಗಿ ಕಾಣುವುದು. ಈಗ ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳಲ್ಲಿ ಯುಗೇ ಯುಗೀನ್ ಭಾರತ್ ಎಂಬ 950 ಕೋಣೆಗಳ ಮ್ಯೂಸಿಯಂ ಬರಲಿದೆ. ಅಲ್ಲಿಗೆ ಸಾಗುವ ಪ್ರತಿ ವಸ್ತುವಿಗೂ ಕಟ್ಟುವ ಮುಂಚೆ ಒಂದು, ಬಿಚ್ಚಿದ ಮೇಲೆ ಒಂದು, ಹೀಗೆ ಎರಡು ರಿಪೋರ್ಟ್ ಬೇಕು. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಅರ್ಥವೇ ಇಲ್ಲ.

ದೇವರ ಒಡವೆಯನ್ನು ಅಳೆಯಬಹುದೇ

ದೇವಸ್ಥಾನಗಳ ಕಡೆಯಿಂದ ಬರುವ ಆಕ್ಷೇಪ ಬೇರೆ ರೀತಿಯದು. ಪೂಜೆಯಲ್ಲಿರುವ ವಿಗ್ರಹ ಮ್ಯೂಸಿಯಂ ವಸ್ತು ಅಲ್ಲ. ಅದಕ್ಕೆ ನಿತ್ಯ ಎಣ್ಣೆ, ಹಾಲು, ಗಂಧ ಬೀಳುತ್ತದೆ. ಸವೆಯುವುದು ಅದರ ಬದುಕಿನ ಭಾಗ. ಗ್ಲೌಸ್ ಹಾಕಿ ಟಾರ್ಚ್ ಹಿಡಿಯುವುದು ಮರ್ಯಾದೆ ಅಲ್ಲ ಎಂದು ಅವರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಮೇಲುಕೋಟೆಯ ವೈರಮುಡಿ ಕಿರೀಟವನ್ನೇ ನೋಡಿ. ವರ್ಷವಿಡೀ ಮಂಡ್ಯದ ಖಜಾನೆಯಲ್ಲಿ ಇರುತ್ತದೆ, ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಬರುತ್ತದೆ. ಕೈ ಬದಲಾಗುವಾಗ ಅಧಿಕಾರಿಗಳ ಕಣ್ಣಿರುತ್ತದೆ. ಹಾಗಿದ್ದೂ ಅದನ್ನು ಹಗಲಲ್ಲಿ ತೆರೆದು ನೋಡಬಾರದು ಎಂಬ ನಂಬಿಕೆ ಇದೆ.

ಆದರೆ ಶಬರಿಮಲೆಯ ತಗಡಿಗೆ ಈ ವಾದ ಅನ್ವಯಿಸುವುದಿಲ್ಲ. ಅದನ್ನು ಬಿಚ್ಚಿ, ಹೊರಗೆ ತಂದು, ಬೇರೆ ರಾಜ್ಯಕ್ಕೆ ಕಳಿಸಿದ್ದರು. ಗುಡಿಯ ಹೊಸಿಲು ದಾಟಿದ ಮೇಲೆ ತೂಕ, ಫೋಟೊ, ವಿವರ ಬರೆಯಲು ಯಾವ ಸಂಪ್ರದಾಯವೂ ಅಡ್ಡ ಬರುವುದಿಲ್ಲ. ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಆ ಕ್ಷಣವನ್ನು ಹಿಡಿದರೆ ಪೂಜೆಗೂ ತೊಂದರೆ ಇಲ್ಲ. ಇದಕ್ಕೆ ಬೇಕಾದ ಪರಿಣತರು ನಮ್ಮಲ್ಲೇ ಇದ್ದಾರೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಮುಜರಾಯಿ ಇಲಾಖೆಗೆ ಅದು ಒಂದು ಪತ್ರದಷ್ಟು ದೂರ.

ಕೇರಳ ಹೈಕೋರ್ಟ್ ಈಗ ಶಬರಿಮಲೆಯ ಬೆಲೆಬಾಳುವ ವಸ್ತುಗಳ ಪೂರ್ತಿ ಪಟ್ಟಿ ಮಾಡುವ ಕೆಲಸವನ್ನು ನಿವೃತ್ತ ನ್ಯಾಯಮೂರ್ತಿ ಕೆ.ಟಿ. ಶಂಕರನ್ ಅವರಿಗೆ ವಹಿಸಿದೆ. ಪ್ರತಿ ಒಡವೆಯನ್ನೂ ತೂಗಬಹುದು, ಪರೀಕ್ಷಿಸಬಹುದು, ಫೋಟೊ ತೆಗೆಯಬಹುದು. ಮುಂದೆ ಆಗುವ ಹೆಚ್ಚುಕಮ್ಮಿಗೆ ಆ ಪಟ್ಟಿಯೇ ಆಧಾರ. 1999ರಲ್ಲಿ ಆ ತಗಡುಗಳ ಮೇಲೆ ಎಷ್ಟು ಚಿನ್ನ ಇತ್ತು ಎಂಬ ಪ್ರಶ್ನೆಗೆ ಮಾತ್ರ ಹೊಸ ಪಟ್ಟಿಯಲ್ಲಿ ಉತ್ತರ ಇರುವುದಿಲ್ಲ. ಅದನ್ನು ಹಳೆಯ ಬಿಲ್ಲುಗಳಲ್ಲಿ, ಕೆಲಸ ಮಾಡಿದವರ ನೆನಪಿನಲ್ಲಿ, ಪ್ರಯೋಗಾಲಯದ ಮಾದರಿಗಳಲ್ಲಿ ಹುಡುಕಬೇಕು.